ವೆರಿಫಿಕೇಶನ್, ವ್ಯಾಲಿಡೇಶನ್: ಎರಡಕ್ಕೂ ‘ದೃಢೀಕರಣ’ ಸಾಕೇ?

ಮಾನ್ಯರೇ,

ರೋಗ ಹರಡುವ ಬಗೆಯನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿ ನೋಡುವ ಕುರಿತು ಶಿವಮೊಗ್ಗದ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಉದಾಹರಣೆಗೆ ದೂರ ಹೋಗಬೇಕಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣುಗುಗಳ ಕಡಿತದಿಂದ ಹರಡುವ ಮಂಗನ ಕಾಯಿಲೆಯೇ ಇದೆ. ತೊಡಕಾಗಿರುವುದು ವೆರಿಫಿಕೇಶನ್, ವ್ಯಾಲಿಡೇಶನ್ ಎಂಬ ಜೋಡಿ. ಎರಡಕ್ಕೂ ‘ದೃಢೀಕರಣ’ ಎಂದು ಬರೆದರೆ ಪಾಠದ ತಿರುಳೇ ಕೈಬಿಟ್ಟಂತೆ.

ಮೊದಲನೆಯದು, ನಾವು ಕೊಟ್ಟ ಸಮೀಕರಣಗಳನ್ನು, ಅಂದರೆ ರೋಗದ ಗಣಿತ ಮಾದರಿಯನ್ನು, ಪ್ರೋಗ್ರಾಮು ಸರಿಯಾಗಿ ಬಿಡಿಸುತ್ತಿದೆಯೇ ಎಂಬ ಪರೀಕ್ಷೆ. ಹುಟ್ಟುಸಾವುಗಳನ್ನು ಲೆಕ್ಕಕ್ಕೆ ಹಿಡಿಯದ ಮಾದರಿಯಲ್ಲಿ ಸೋಂಕು ತಗಲದವರು, ತಗಲಿದವರು, ಗುಣವಾದವರು ಇವರೆಲ್ಲರ ಮೊತ್ತ ಪ್ರತಿ ಹಂತದಲ್ಲೂ ಅಷ್ಟೇ ಉಳಿಯಬೇಕು. ಉಣುಗುಗಳ ಸಂಖ್ಯೆ ಸೊನ್ನೆಗಿಂತ ಕೆಳಗಿಳಿಯಬಾರದು. ಲೆಕ್ಕಾಚಾರದ ಒಂದು ಹಂತದಿಂದ ಇನ್ನೊಂದಕ್ಕಿರುವ ಕಾಲದ ಅಂತರವನ್ನು ಅರ್ಧಕ್ಕಿಳಿಸಿದರೂ ಉತ್ತರ ಹೆಚ್ಚುಕಡಿಮೆ ಅದೇ ಇರಬೇಕು. ಇದಿಷ್ಟೂ ಕುಳಿತಲ್ಲೇ ಆಗುವ ಕೆಲಸ. ಎರಡನೆಯದು, ಮಾದರಿ ಹೇಳುವುದು ನಿಜಸ್ಥಿತಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ. ಅದಕ್ಕೆ ಕಾಡಿನ ಸಾಕ್ಷ್ಯ ಬೇಕು: ತರಗೆಲೆಯ ಮೇಲೆ ಬಟ್ಟೆ ಎಳೆದು ಹಿಡಿದ ಉಣುಗುಗಳ ಎಣಿಕೆ, ಮಾದರಿಯನ್ನು ರೂಪಿಸುವಾಗ ಬಳಸದೆ ಬೇರೆಯಾಗಿ ತೆಗೆದಿಟ್ಟ ಒಂದು ಋತುವಿನ ರೋಗಿಗಳ ಅಂಕಿ. ಮರಿ ಉಣುಗುಗಳು ಹೆಚ್ಚಾಗುವ ಒಣ ತಿಂಗಳುಗಳನ್ನೂ ಮಳೆಗಾಲವನ್ನೂ ಒಂದೇ ಎಂದು ಭಾವಿಸಿದ ಮಾದರಿ ಮೊದಲ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಿ ಎರಡನೆಯದರಲ್ಲಿ ನಪಾಸಾಗುತ್ತದೆ.

ವ್ಯಾಲಿಡೇಶನ್ನಿಗೆ ‘ಸಿಂಧುತ್ವ ಪರಿಶೀಲನೆ’ ಎನ್ನಬಹುದೆಂಬ ಸಲಹೆ ಬಂದಿದೆ. ನನಗೆ ಒಪ್ಪಿಗೆಯಿಲ್ಲ. ಜಾತಿ ಪ್ರಮಾಣಪತ್ರದ ಸಹವಾಸದಿಂದ ಆ ಪದಕ್ಕೆ ಒಮ್ಮೆ ಮೊಹರು ಬಿದ್ದರೆ ಮುಗಿಯಿತೆಂಬ ಧ್ವನಿ ಅಂಟಿದೆ. ಮಾದರಿಯಾದರೋ ಯಾವ ಊರಿಗೆ, ಯಾವ ಪ್ರಶ್ನೆಗೆ ಎಂಬುದಕ್ಕೆ ಕಟ್ಟುಬಿದ್ದದ್ದು. ಸೊರಬದ ಋತುಮಾನದ ಏರಿಳಿತವನ್ನು ಸರಿಯಾಗಿ ಹೇಳಿತೆಂದ ಮಾತ್ರಕ್ಕೆ ತೀರ್ಥಹಳ್ಳಿಯಲ್ಲಿ ಎಷ್ಟು ಜನಕ್ಕೆ ಸೋಂಕು ತಗಲೀತೆಂದು ಅದನ್ನೇ ಕೇಳಲಾಗದು.

ಹಾಗಾಗಿ ‘ಒರೆಗೆ ಹಚ್ಚುವುದು’ ಎಂಬುದು ನನ್ನ ಒಲವು. ಒರೆಗಲ್ಲು ಚಿನ್ನದ ಹೊರಗಿನದು, ಕಾಡಿನ ಅಂಕಿಯೂ ಮಾದರಿಯ ಹೊರಗಿನದೇ. ವೆರಿಫಿಕೇಶನ್ನಿಗೆ ‘ತಾಳೆ ನೋಡುವುದು’ ಹೊಳೆಯಿತಾದರೂ, ಅಡಿಕೆ ಮಂಡಿಯ ಲೆಕ್ಕದಲ್ಲಿ ಚೀಟಿಯನ್ನು ಮಾಲಿನೊಂದಿಗೂ ತಾಳೆ ನೋಡುತ್ತಾರಾದ್ದರಿಂದ ಅದು ಎರಡನೆಯ ಅರ್ಥಕ್ಕೂ ಜಾರುತ್ತದೆ. ‘ಲೆಕ್ಕಶುದ್ಧಿ’ ಎಂದರೆ ಸರಿಹೋದೀತೇ, ಅಥವಾ ಇದಕ್ಕಿಂತ ರೂಢಿಯಲ್ಲಿರುವ ಮಾತು ಇದೆಯೇ? ‘ಒರೆಗೆ ಹಚ್ಚು’ ಎಂಬುದರಿಂದ ಶೀರ್ಷಿಕೆಗೆ ಒಪ್ಪುವ ನಾಮಪದವನ್ನು ಹೇಗೆ ಕಟ್ಟಬೇಕೆಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.