ಸಹಾಯ ಬೇಕು: ದಿಂಬಂ ಘಾಟಿಯಲ್ಲಿ ಟೂರಿಸ್ಟ್ ಬಸ್ಸನ್ನು ಎಷ್ಟು ಗಂಟೆವರೆಗೆ ಬಿಡುತ್ತಾರೆ?

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಬದಿಯಡ್ಕದಿಂದ ರಾಮೇಶ್ವರಕ್ಕೆ ಮನೆಯವರೆಲ್ಲ ಒಂದು ಮಿನಿ ಬಸ್ಸಿನಲ್ಲಿ ಹೊರಟಿದ್ದೇವೆ. ಅಜ್ಜಿಯಿಂದ ಹಿಡಿದು ಎರಡು ವರ್ಷದ ಮಗುವಿನವರೆಗೆ ಇದ್ದಾರೆ. ಬಸ್ಸು ಕೇರಳ ರಿಜಿಸ್ಟ್ರೇಷನ್, ಬಾಡಿಗೆಯದ್ದು.

ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಮಡಿಕೇರಿ ದಾರಿಯಲ್ಲಿ ಮೈಸೂರು. ಅಲ್ಲಿಂದ ಚಾಮರಾಜನಗರ, ಆಸನೂರು, ದಿಂಬಂ ಇಳಿದು ಸತ್ಯಮಂಗಲ. ರಾತ್ರಿ ಅಲ್ಲೇ ಎಲ್ಲಾದರೂ ಉಳಿದು ಮರುದಿನ ಮಧುರೈ ಮೇಲೆ ಮುಂದಕ್ಕೆ.

ತಲೆಬಿಸಿ ಇರುವುದು ದಿಂಬಂನಲ್ಲಿ. ಹುಲಿ ಕಾಡು, ರಾತ್ರಿ ವಾಹನ ಬಿಡುವುದಿಲ್ಲ ಅಂತ ಗೊತ್ತು. ಆದರೆ ಒಬ್ಬರು ಸಂಜೆ 6ಕ್ಕೇ ಬಂದ್ ಅನ್ನುತ್ತಾರೆ, ಇನ್ನೊಬ್ಬರು ಅದು ಲಾರಿಗಳಿಗೆ ಮಾತ್ರ, ಉಳಿದವರಿಗೆ 9 ಅನ್ನುತ್ತಾರೆ. ನೆಟ್ಟಿನಲ್ಲಿ ಹುಡುಕಿದರೆ ಬರೀ ಹಳೇ ಸುದ್ದಿ. ಬಸ್ಸಿನವರನ್ನು ಕೇಳಿದರೆ "ಹೋಗ್ತದೆ ಮಾರಾಯ್ರೆ, ನೋಡುವಾ" ಅಷ್ಟೇ. ಮಕ್ಕಳಿಗೆ ಮೈಸೂರು ಅರಮನೆ ತೋರಿಸದೆ ಬಿಡುವ ಹಾಗಿಲ್ಲ, ಹಾಗಾಗಿ ಮಧ್ಯಾಹ್ನ 3ರ ಮೊದಲು ಅಲ್ಲಿಂದ ಹೊರಡುವುದು ಕಷ್ಟ.

ಕೋಯಿಕ್ಕೋಡ್, ಪಾಲಕ್ಕಾಡ್ ಕಡೆಯಿಂದ ಹೋಗಿ ಅಂತ ದೊಡ್ಡಪ್ಪ ಹೇಳುತ್ತಾರೆ. ಅಜ್ಜಿಗೂ ಅದೇ ಒಳ್ಳೆಯದೇನೋ. ಸಂಪಾಜೆ ಘಾಟಿಯಲ್ಲೇ ಲಿಂಬೆಹಣ್ಣು ಮೂಗಿಗೆ ಹಿಡಿದು ಕೂರುವವರು, ದಿಂಬಂನಲ್ಲಿ 27 ಹೇರ್‌ಪಿನ್ ತಿರುವು!

ಇತ್ತೀಚೆಗೆ ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ: ಬಾಡಿಗೆ ಟೂರಿಸ್ಟ್ ಬಸ್ಸಿಗೆ ಲೆಕ್ಕ 6 ಗಂಟೆಯದ್ದಾ, 9 ಗಂಟೆಯದ್ದಾ? ತಡವಾದರೆ ಚಾಮರಾಜನಗರದಲ್ಲೇ ಉಳಿಯುವುದು ವಾಸಿಯಾ?