ಫುಟ್‌ಬಾಲ್ ಫಾರಂಗೆ ಸಹಿ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ಏಳನೇ ಕ್ಲಾಸಿನ ಮಗ ಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಟೀಮಿಗೆ ಸೇರ್ತೀನಿ ಅಂತ ಹಟ ಹಿಡಿದಿದ್ದಾನೆ, ಫಾರಂಗೆ ಸಹಿ ಹಾಕಲೋ ಬೇಡವೋ ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಈ ಆಟದ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಈಗ ರೂಲ್ಸ್ ಬಿಗಿ ಆಗಿವೆ, ಹೆಲ್ಮೆಟ್ ಚೆನ್ನಾಗಿವೆ, ಏನೂ ಆಗಲ್ಲ ಎಂದು ಕೆಲವರು ಧೈರ್ಯ ಹೇಳಿದ್ದೀರಿ. ನನಗೆ ಆ ಧೈರ್ಯ ಬರುವುದಿಲ್ಲ. ನಾವಿರುವುದೂ ಟೆಕ್ಸಾಸ್‌ನಲ್ಲೇ. ಶುಕ್ರವಾರ ರಾತ್ರಿ ಊರಿಗೆ ಊರೇ ಹೈಸ್ಕೂಲ್ ಸ್ಟೇಡಿಯಂನಲ್ಲಿ ಇರುತ್ತದೆ. ಅದನ್ನು ನೋಡಿ ಬೆಳೆಯುವ ಹುಡುಗನಿಗೆ ಆಸೆ ಆಗದೆ ಇರುತ್ತದಾ? ಆಸೆ ತಪ್ಪಲ್ಲ. ಆದರೆ ಆ ರೂಲ್ಸ್ ಹೇಗೆ ಬಂದವು ಅನ್ನುವುದು ನಮಗೆ ಗೊತ್ತಿರಬೇಕು.

ಪಿಟ್ಸ್‌ಬರ್ಗ್ ಸ್ಟೀಲರ್ಸ್ ಟೀಮಿನ ಮೈಕ್ ವೆಬ್‌ಸ್ಟರ್ ನಾಲ್ಕು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದವರು. ಕೊನೆಯ ವರ್ಷಗಳಲ್ಲಿ ಮರೆವು, ಗೊಂದಲ, ನೋವು. 2002ರಲ್ಲಿ, 50ನೇ ವಯಸ್ಸಿಗೆ ತೀರಿಕೊಂಡರು. ನೈಜೀರಿಯಾದಿಂದ ಬಂದಿದ್ದ ಡಾ. ಬೆನೆಟ್ ಒಮಾಲು, ವೆಬ್‌ಸ್ಟರ್ ಅವರ ಮಿದುಳನ್ನು ಪರೀಕ್ಷೆ ಮಾಡಿ, ತಲೆಗೆ ಪದೇಪದೇ ಬಿದ್ದ ಪೆಟ್ಟಿನಿಂದ ಮಿದುಳು ಹಾಳಾಗುವ ಸಿಟಿಇ ಅನ್ನುವ ಕಾಯಿಲೆ ಕಂಡರು. 2005ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಗ ಲೀಗ್‌ನ ಮಿದುಳು ಗಾಯದ ಸಮಿತಿಯ ಡಾಕ್ಟರುಗಳು ಮಾಡಿದ್ದೇನು? ಆ ಲೇಖನವನ್ನು ವಾಪಸ್ ತೆಗೆಯಿರಿ ಎಂದು ಪತ್ರ ಬರೆದರು. ಆ ಸಮಿತಿ 1994ರಲ್ಲಿ ಶುರುವಾದಾಗ ಅದರ ಮುಖ್ಯಸ್ಥರಾಗಿದ್ದವರು ಕೀಲುನೋವಿನ ಡಾಕ್ಟರು, ನರರೋಗ ತಜ್ಞರಲ್ಲ. ಇದನ್ನು ಮೊದಲು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

2011ರಿಂದ ಆಟಗಾರರು ಕೋರ್ಟಿಗೆ ಹೋದರು. ಅಪಾಯ ಗೊತ್ತಿದ್ದೂ ಲೀಗ್ ಮುಚ್ಚಿಟ್ಟಿತು ಅನ್ನುವುದು ಅವರ ದೂರು. ಇದು ಆಟಗಾರರ ಯೂನಿಯನ್ ಜೊತೆಗಿನ ಒಪ್ಪಂದಕ್ಕೆ ಸೇರಿದ ವಿಷಯ, ಕೋರ್ಟಿಗೆ ಬರುವಂಥದ್ದಲ್ಲ ಅನ್ನುವುದು ಲೀಗ್‌ನ ವಾದ. 4,500ಕ್ಕೂ ಹೆಚ್ಚು ಆಟಗಾರರು ಸೇರಿದ ಮೇಲೆ, 2013ರಲ್ಲಿ 76.5 ಕೋಟಿ ಡಾಲರ್‌ಗೆ ರಾಜಿ ಆಯಿತು. ಅಷ್ಟು ದುಡ್ಡು ಎಲ್ಲರಿಗೂ ಸಾಲುತ್ತದಾ ಎಂದು ಜಡ್ಜ್ ಅನಿತಾ ಬ್ರೋಡಿ ಅನುಮಾನಪಟ್ಟರು. ಕೊನೆಗೆ ದುಡ್ಡಿನ ಆ ಮಿತಿಯನ್ನೇ ತೆಗೆದ ಮೇಲೆ, 2015ರಲ್ಲಿ ಒಪ್ಪಿಗೆ ಕೊಟ್ಟರು. ಲೀಗ್ ಮಾತ್ರ ತಪ್ಪು ಒಪ್ಪಿಕೊಳ್ಳಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಮರೆವಿನ ಕಾಯಿಲೆಗೆ ಪರಿಹಾರ ಕೊಡುವಾಗ, ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲಿನಿಂದಲೇ ಕಡಿಮೆ ಎಂದು ಇಟ್ಟುಕೊಂಡು ಲೆಕ್ಕ ಹಾಕುವ ಪದ್ಧತಿ ಬಳಕೆಯಲ್ಲಿತ್ತು. ಅಂದರೆ ಅಷ್ಟೇ ಮರೆವಿದ್ದರೂ ಅವರಿಗೆ ಪರಿಹಾರ ಸಿಗುವುದು ಕಷ್ಟ. ಇಬ್ಬರು ಆಟಗಾರರು ಕೇಸ್ ಹಾಕಿದ ಮೇಲೆ, 2021ರಲ್ಲಿ ಅದನ್ನು ಕೈಬಿಡಲು ಲೀಗ್ ಒಪ್ಪಿತು. ಬೇರೆ ಬಣ್ಣದ ಮಕ್ಕಳನ್ನು ಈ ದೇಶದಲ್ಲಿ ಬೆಳೆಸುತ್ತಿರುವ ನಾವು ಇದನ್ನು ಸುಮ್ನೆ ಓದಿ ಮುಂದೆ ಹೋಗುವ ಹಾಗಿಲ್ಲ.

ಇನ್ನು ನಮ್ಮ ಮಕ್ಕಳ ವಿಷಯ. ಲೀಗ್ ಆಟಗಾರನ ಹಿಂದೆ ಯೂನಿಯನ್ ಇದೆ, ವಕೀಲರಿದ್ದಾರೆ. ಏಳನೇ ಕ್ಲಾಸಿನ ಹುಡುಗನ ಹಿಂದೆ ಯಾರಿದ್ದಾರೆ? ಟೆಕ್ಸಾಸ್‌ನಲ್ಲಿ ಪಬ್ಲಿಕ್ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ಸರ್ಕಾರಿ ರಕ್ಷಣೆ ಇದೆ. ವಾಹನದಿಂದ ಆದ ಅಪಘಾತ ಬಿಟ್ಟರೆ, ನಿರ್ಲಕ್ಷ್ಯ ಎಂದು ಅವುಗಳ ಮೇಲೆ ಕೇಸ್ ಗೆಲ್ಲುವುದು ಹೆಚ್ಚುಕಮ್ಮಿ ಅಸಾಧ್ಯ. ಆಸ್ಪತ್ರೆ ಖರ್ಚು ಮೊದಲು ನಮ್ಮ ಇನ್ಶೂರೆನ್ಸ್ ಮೇಲೇ ಬೀಳುವ ಸಂಭವ ಜಾಸ್ತಿ. ಡಿಸ್ಟ್ರಿಕ್ಟ್ ಪಾಲಿಸಿ ಇದ್ದರೂ ಏನೇನು ಕೊಡುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಪ್ರೈವೇಟ್ ಲೀಗ್‌ಗಳ ಫಾರಂ ಕಥೆ ಬೇರೆ. ತಂದೆತಾಯಿ ಸಹಿ ಹಾಕಿದರೆ ಮಗುವಿನ ಹಕ್ಕು ಹೋಗುತ್ತದೋ ಇಲ್ಲವೋ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ.

ಹಾಗಂತ ಕಾನೂನು ಏನೂ ಇಲ್ಲ ಅಂತಲ್ಲ. 2009ರಲ್ಲಿ ವಾಷಿಂಗ್ಟನ್ ರಾಜ್ಯ ದಾರಿ ತೋರಿಸಿತು. 2014ರ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಮಕ್ಕಳ ತಲೆಪೆಟ್ಟಿನ ಕಾನೂನು ಬಂತು. ಟೆಕ್ಸಾಸ್‌ನ 2011ರ ಕಾನೂನು ಚೆನ್ನಾಗಿದೆ. ಕನ್‌ಕಶನ್ (ಪೆಟ್ಟಿನಿಂದ ಮಿದುಳಿಗಾಗುವ ಗಾಯ) ಅನುಮಾನ ಬಂದರೆ ಹುಡುಗನನ್ನು ತಕ್ಷಣ ಹೊರಗೆ ಕರೆಯಬೇಕು. ಡಾಕ್ಟರು ಬರೆದು ಕೊಡದೆ ಮತ್ತೆ ಆಡಿಸುವಂತಿಲ್ಲ. ಕೋಚ್‌ಗೆ ಆ ಅಧಿಕಾರವೇ ಇಲ್ಲ. ಇದು ಯಾಕೆ ಅಷ್ಟು ಮುಖ್ಯ ಅಂದರೆ, 2022ರ ಸೆಪ್ಟೆಂಬರ್‌ನಲ್ಲಿ ಎನ್‌ಎಫ್‌ಎಲ್ ಆಟಗಾರ ಟುವಾ ಟಾಗೊವೈಲೋವಾ ಪೆಟ್ಟು ತಿಂದು ಎದ್ದು ತೂರಾಡಿದ್ದನ್ನು ದೇಶವೇ ಟೀವಿಯಲ್ಲಿ ನೋಡಿತು. ಅದು ಬೆನ್ನುನೋವು ಎಂದು ಹೇಳಿ ಮತ್ತೆ ಆಡಿಸಿದರು. ನಾಲ್ಕೇ ದಿನಕ್ಕೆ ಇನ್ನೊಂದು ಪೆಟ್ಟು, ಸ್ಟ್ರೆಚರ್ ಮೇಲೆ ಹೋದರು. ತೂರಾಡಿದವನು ಆ ದಿನ ಮತ್ತೆ ಆಡುವಂತಿಲ್ಲ ಅನ್ನುವ ರೂಲ್ ಅದಾದ ಮೇಲೆ ಬಂತು. ಅಷ್ಟೊಂದು ಡಾಕ್ಟರುಗಳಿರುವ ಕಡೆಯೇ ಹೀಗಾದರೆ?

ಹೆಲ್ಮೆಟ್ ಬಗ್ಗೆಯೂ ಹೇಳಬೇಕು. ಅದು ಬುರುಡೆ ಒಡೆಯದ ಹಾಗೆ ಕಾಯುತ್ತದೆ. ಒಳಗೆ ಮಿದುಳು ಅಲುಗಾಡುವುದನ್ನು ತಡೆಯಲಾರದು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಅನ್ನುವ ಹಾಗಿಲ್ಲ. ಸಿಟಿಇ ಬರುವುದು ಒಂದು ದೊಡ್ಡ ಪೆಟ್ಟಿನಿಂದಷ್ಟೇ ಅಲ್ಲ. ವರ್ಷಗಟ್ಟಲೆ ತಿಂದ, ಲಕ್ಷಣವೇ ತೋರಿಸದ ಸಣ್ಣ ಪೆಟ್ಟುಗಳ ಮೊತ್ತವೇ ಮುಖ್ಯ. ಬಾಸ್ಟನ್ ಯೂನಿವರ್ಸಿಟಿಯವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎನ್‌ಎಫ್‌ಎಲ್ ಆಡಿದ 111 ಜನರಲ್ಲಿ 110 ಜನರ ಮಿದುಳಲ್ಲಿ ಅದು ಕಂಡಿತು. ಅನುಮಾನ ಇದ್ದ ಮನೆಯವರೇ ಹೆಚ್ಚಾಗಿ ಮಿದುಳು ದಾನ ಮಾಡಿದ್ದರಿಂದ, ಆಡಿದವರಿಗೆಲ್ಲ ಬರುತ್ತದೆ ಎಂದು ಇದನ್ನು ಓದಬಾರದು. ಆದರೂ ಎಷ್ಟು ವರ್ಷ ಹೆಚ್ಚು ಆಡಿದರೆ ಅಷ್ಟು ಅಪಾಯ ಹೆಚ್ಚು ಅನ್ನುವುದು ನಿಜ.

ಅದಕ್ಕೇ ನನ್ನ ಮಾತು ಇಷ್ಟು: ಹೈಸ್ಕೂಲ್‌ವರೆಗೆ ಟ್ಯಾಕಲ್ (ಎದುರಾಳಿಯನ್ನು ಹಿಡಿದು ಕೆಡವುವ ಆಟ) ಬೇಡ, ಫ್ಲ್ಯಾಗ್ ಫುಟ್‌ಬಾಲ್ ಆಡಲಿ. ನಮ್ಮ ಮನೆಯಲ್ಲೂ ಹಾಗೇ ಮಾಡಿದೆವು. ಸೊಂಟದ ಪಟ್ಟಿ ಎಳೆದರೆ ಆಟ ನಿಲ್ಲುತ್ತದೆ, ಓಟ, ಪಾಸ್ ಎಲ್ಲ ಅದೇ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲೂ ಅದು ಇದೆ, ಮಗನಿಗೆ ಇದನ್ನು ಹೇಳಿ ನೋಡಿ.

ಟ್ಯಾಕಲ್ಲೇ ಆಗಬೇಕು ಅಂದರೆ, ಸಹಿಗೆ ಮೊದಲು ಸ್ಕೂಲಿಗೆ ಹೋಗಿ. ಪ್ರಾಕ್ಟೀಸ್ ದಿನವೂ ಲೈಸೆನ್ಸ್ ಇರುವ ಅಥ್ಲೆಟಿಕ್ ಟ್ರೇನರ್ ಮೈದಾನದಲ್ಲಿ ಇರುತ್ತಾರಾ? ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಎಲ್ಲಿದೆ? 2023ರ ಜನವರಿಯಲ್ಲಿ ಎನ್‌ಎಫ್‌ಎಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಹೃದಯ ನಿಂತಾಗ ಉಳಿದದ್ದು ಮೈದಾನದಲ್ಲೇ ತಕ್ಷಣ ಸಿಕ್ಕ ಸಿಪಿಆರ್ ಮತ್ತು ಶಾಕ್‌ನಿಂದ. ಹೈಸ್ಕೂಲ್‌ಗಳಲ್ಲಿ ಮೈಗೆ ಮೈ ತಾಗಿಸುವ ಪೂರ್ತಿ ಪ್ರಾಕ್ಟೀಸ್ ವಾರಕ್ಕೆ 90 ನಿಮಿಷ ದಾಟುವಂತಿಲ್ಲ ಎಂದು ಟೆಕ್ಸಾಸ್‌ನ ಸ್ಕೂಲ್ ಆಟಗಳನ್ನು ನಡೆಸುವ ಸಂಸ್ಥೆ ಯುಐಎಲ್ 2013ರಲ್ಲೇ ಮಿತಿ ಹಾಕಿದೆ. ಆ ಲೆಕ್ಕ ಯಾರು ಇಡುತ್ತಾರೆ ಎಂದೂ ಕೇಳಿ.

ಫ್ರಿಸ್ಕೊ, ಪ್ಲೇನೋ ಕಡೆಯವರಲ್ಲಿ ಮಕ್ಕಳನ್ನು ಹೈಸ್ಕೂಲಿನ ಮುಖ್ಯ ಟೀಮು ವಾರ್ಸಿಟಿವರೆಗೆ ಆಡಿಸಿದವರು ಇದ್ದರೆ, ನಿಮ್ಮ ಸ್ಕೂಲಿನಲ್ಲಿ ಇದಕ್ಕೆಲ್ಲ ಏನು ಉತ್ತರ ಸಿಕ್ಕಿತು ಎಂದು ಇಲ್ಲೇ ಬರೆಯಿರಿ. ಬೇರೆ ರಾಜ್ಯದವರು ನಿಮ್ಮಲ್ಲಿನ ಕಾನೂನು ತಿಳಿಸಿದರೆ ಇನ್ನೂ ಒಳ್ಳೆಯದು.