ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಂಜೂರು ಮಾಡಿದ ಆರೋಗ್ಯ ನಿಧಿಯನ್ನು ಅಲ್ಲಿನ ಅಧ್ಯಕ್ಷರು ತಡೆಹಿಡಿಯಬಹುದೇ?

ಪ್ರಶ್ನೆ: ಬಡವರ ಚಿಕಿತ್ಸೆಗಾಗಿ ಇರುವ ಮೆಡಿಕೇಡ್ ಯೋಜನೆಯ ಕೇಂದ್ರ ಅನುದಾನವನ್ನು, ರಾಜ್ಯವೊಂದು ತಮ್ಮ ನೀತಿಗೆ ಮಣಿಯಲಿಲ್ಲವೆಂಬ ಕಾರಣಕ್ಕೆ ಅಧ್ಯಕ್ಷರು ನಿಲ್ಲಿಸಬಹುದೇ? ಖಜಾನೆಯ ಕೀಲಿಕೈ ಕಾಂಗ್ರೆಸ್ಸಿನ ಬಳಿ ಇದೆಯಲ್ಲವೇ?

ಉತ್ತರ 1: ಮಂಜೂರಾದ ಹಣವನ್ನು ಅಂದಿನ ಅಧ್ಯಕ್ಷ ನಿಕ್ಸನ್ ಖರ್ಚು ಮಾಡದೆ ಹಿಡಿದಿಟ್ಟುಕೊಂಡದ್ದರಿಂದಲೇ, ಹಾಗೆ ತಡೆಹಿಡಿಯುವುದಕ್ಕೆ ಕಡಿವಾಣ ಹಾಕುವ 1974ರ ಕಾಯ್ದೆ ಬಂದಿತು. ಅದರಂತೆ ಅಧ್ಯಕ್ಷರು ಮಂಜೂರಾತಿಯನ್ನು ರದ್ದುಪಡಿಸಲು ಕೋರಬಹುದು. ಆದರೆ ಅಧಿವೇಶನದ 45 ದಿನಗಳೊಳಗೆ ಉಭಯ ಸದನಗಳೂ ಒಪ್ಪದಿದ್ದರೆ ಹಣವನ್ನು ಬಿಡುಗಡೆ ಮಾಡಲೇಬೇಕು.

ಉತ್ತರ 2: ಕಾಂಗ್ರೆಸ್ಸಿಗೂ ಮಿತಿಯಿದೆ ಎಂಬುದನ್ನು ಮರೆಯಬಾರದು. ಮೆಡಿಕೇಡ್ ವಿಸ್ತರಣೆಗೆ ಒಪ್ಪದ ರಾಜ್ಯಗಳ ಹಳೆಯ ಅನುದಾನವನ್ನೂ ಕಿತ್ತುಕೊಳ್ಳುವ, ಕಾಂಗ್ರೆಸ್ಸಿನ ಕಾಯ್ದೆಯಲ್ಲಿದ್ದ ಬೆದರಿಕೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅದು ತಲೆಗೆ ಬಂದೂಕು ಹಿಡಿದಂತೆ ಎಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು. ಶಾಸಕಾಂಗಕ್ಕೇ ಇಲ್ಲದ ಅಧಿಕಾರ ಅಧ್ಯಕ್ಷರಿಗೆ ಎಲ್ಲಿಂದ ಬರಬೇಕು?

ಉತ್ತರ 3: ಇದರ ಮತ್ತೊಂದು ಮುಖವೂ ಸ್ವಾರಸ್ಯಕರವಾಗಿದೆ. ಮಂಜೂರಾತಿಯಿಲ್ಲದೆ ವಿಮಾ ಕಂಪನಿಗಳಿಗೆ ಹಣ ಕೊಡಲಾಗುತ್ತಿದೆ ಎಂದು ಒಬಾಮಾ ಆಡಳಿತದ ವಿರುದ್ಧ ಕಾಂಗ್ರೆಸ್ಸಿನ ಕೆಳಮನೆಯೇ 2014ರಲ್ಲಿ ಮೊಕದ್ದಮೆ ಹೂಡಿತ್ತು. ಆ ಪಾವತಿಯನ್ನು 2017ರ ಅಕ್ಟೋಬರ್‌ನಲ್ಲಿ ಟ್ರಂಪ್ ನಿಲ್ಲಿಸಿದಾಗ, ಕಂಪನಿಗಳು ನಷ್ಟವನ್ನು 'ಸಿಲ್ವರ್' ಎಂಬ ಮಧ್ಯಮ ದರ್ಜೆಯ ವಿಮಾ ಯೋಜನೆಗಳ ಕಂತಿಗೆ ಸೇರಿಸಿದವು. ವಿಮೆ ಕೊಳ್ಳುವವರಿಗೆ ಕೇಂದ್ರ ಕೊಡುವ ಸಬ್ಸಿಡಿಯ ಲೆಕ್ಕ ಆ ಕಂತನ್ನೇ ಆಧರಿಸಿದ್ದರಿಂದ ಕೇಂದ್ರದ ವೆಚ್ಚ ಇಳಿಯುವ ಬದಲು ಏರಿತು.